ವರ್ಷಕ್ಕೊಂದು ಆರ್ನಮೆಂಟ್, ಮಗುವಿಗೊಂದು ಪೆಟ್ಟಿಗೆ

ಪ್ರಶ್ನೆ: ನನ್ನ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದಾನೆ. ಸೊಸೆ ಅಲ್ಲಿಯವಳೇ, ಕ್ರೈಸ್ತ ಕುಟುಂಬದಲ್ಲಿ ಬೆಳೆದವಳು. ಮದುವೆಯಾದ ವರ್ಷ ನಮ್ಮ ಬೀಗಿತ್ತಿಯವರು ಮಗಳ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ 27 ಆರ್ನಮೆಂಟುಗಳು ಅದರಲ್ಲಿದ್ದವು; ಅವಳು ಹುಟ್ಟಿದ ವರ್ಷದಿಂದ ವರ್ಷಕ್ಕೊಂದರಂತೆ ಅವರು ಕೂಡಿಟ್ಟವು. ಈಗ ಮೊಮ್ಮಗಳು ಹುಟ್ಟಿದ್ದಾಳೆ. ಅವಳ ಪೆಟ್ಟಿಗೆಯ ಮೊದಲ ಆರ್ನಮೆಂಟ್ ಮೈಸೂರಿನಿಂದಲೇ ಬರಬೇಕೆಂದು ಸೊಸೆಯ ಆಸೆ. ಈ ರೂಢಿ ಎಲ್ಲಿಂದ ಬಂತು, ಏನು ಕಳುಹಿಸುವುದು ಸರಿ, ಗಾಜಿನದೇ ಆಗಬೇಕೆ ಎಂಬುದನ್ನು ದಯವಿಟ್ಟು ತಿಳಿಸಿ.
– ಒಬ್ಬ ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಮಗುವಿನ ಮೊದಲ ಆರ್ನಮೆಂಟನ್ನು ಆರಿಸುವ ಹಕ್ಕನ್ನು ತಾಯಿಯಾದವಳು ಸುಲಭವಾಗಿ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ನಿಮ್ಮ ಸೊಸೆ ಅದನ್ನು ನಿಮಗೆ ಕೊಟ್ಟಿದ್ದಾರೆ.

ಇದು ಚರ್ಚು ವಿಧಿಸಿದ ಆಚರಣೆಯಲ್ಲ, ಅಮೆರಿಕದ ಮನೆಗಳಲ್ಲಿ ಬೆಳೆದ ರೂಢಿ. ಗಾಜಿನ ಆರ್ನಮೆಂಟುಗಳ ತವರು ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಲೌಷಾ ಎಂಬ ಬೆಟ್ಟದೂರು. ಅಲ್ಲಿ 1597ರಲ್ಲಿ ಗಾಜಿನ ಕುಲುಮೆ ಆರಂಭವಾಯಿತು. 19ನೆಯ ಶತಮಾನದ ನಡುಭಾಗದಿಂದ ಅಲ್ಲಿನ ಕುಟುಂಬಗಳು ಮನೆಯಲ್ಲೇ ಗಾಜನ್ನು ಊದಿ, ಒಳಗೆ ಬೆಳ್ಳಿಯ ಲೇಪ ಕೊಟ್ಟು, ಮೇಲೆ ಬಣ್ಣ ಬಳಿದು ಆರ್ನಮೆಂಟುಗಳನ್ನು ತಯಾರಿಸತೊಡಗಿದವು. ಅವು ಅಮೆರಿಕದಲ್ಲಿ ಜನಪ್ರಿಯವಾದದ್ದಕ್ಕೂ ನಿಮ್ಮ ಮಗನಿರುವ ರಾಜ್ಯಕ್ಕೂ ನಂಟಿದೆ: ವ್ಯಾಪಾರಿ ಎಫ್. ಡಬ್ಲ್ಯೂ. ವೂಲ್‌ವರ್ತ್ 1880ರಲ್ಲಿ ಅವುಗಳನ್ನು ಮಾರಲು ತೊಡಗಿದ್ದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನ ತನ್ನ ಅಂಗಡಿಯಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಸರಕು ನಿಲ್ಲುವ ಸ್ಥಿತಿ ಬಂದಾಗ, ವಿದ್ಯುತ್ ಬಲ್ಬಿನ ಬುರುಡೆಗಳನ್ನು ಮಾಡುತ್ತಿದ್ದ ಕಾರ್ನಿಂಗ್ ಕಂಪನಿಯು ಅದೇ ಯಂತ್ರದಲ್ಲಿ ಆರ್ನಮೆಂಟುಗಳನ್ನೂ ಮಾಡಿತು. ಅದರ ವೆಲ್ಸ್‌ಬರೊ ಕಾರ್ಖಾನೆಯೂ ಪೆನ್ಸಿಲ್ವೇನಿಯಾದಲ್ಲೇ ಇತ್ತು. 1973ರಲ್ಲಿ ಶುಭಾಶಯ ಪತ್ರಗಳಿಗೆ ಹೆಸರಾದ ಹಾಲ್‌ಮಾರ್ಕ್ ಕಂಪನಿಯು ಕೂಡಿಡುವುದಕ್ಕೆಂದೇ ಆರ್ನಮೆಂಟುಗಳನ್ನು ತಂದಿತು. ಇಸವಿ ಮುದ್ರಿಸಿದ ಆರ್ನಮೆಂಟುಗಳು ಸುಲಭವಾಗಿ ಸಿಗುವಂತಾದ ಮೇಲೆ, ಮಗುವಿನ ಹೆಸರಿನಲ್ಲಿ ವರ್ಷಕ್ಕೊಂದನ್ನು ತೆಗೆದಿಡುವ ಅಭ್ಯಾಸ ಇನ್ನಷ್ಟು ಹರಡಿತು.

ಆದರೆ ಈ ಪೆಟ್ಟಿಗೆಗಳಿಗೆ ಬೆಲೆ ಬರುವುದು ಅಂಗಡಿಯಿಂದಲ್ಲ. ಮಗು ನಡೆಯಲು ಕಲಿತ ವರ್ಷ ಒಂದು ಪುಟ್ಟ ಬೂಟು, ಸೈಕಲ್ ಕಲಿತ ವರ್ಷ ಒಂದು ಸೈಕಲ್, ಸಮುದ್ರ ನೋಡಿದ ವರ್ಷ ಒಂದು ಕಪ್ಪೆಚಿಪ್ಪು, ಹೀಗೆ ಆ ವರ್ಷದ ಮುಖ್ಯ ಸಂಗತಿಯೇ ಆಯ್ಕೆಗೆ ಆಧಾರ. ಶಿಶುವಿಹಾರದಲ್ಲಿ ಮಗು ತಾನೇ ಐಸ್‌ಕ್ರೀಮ್ ಕಡ್ಡಿಗಳನ್ನು ಅಂಟಿಸಿ ಮಾಡಿದ ನಕ್ಷತ್ರವನ್ನು ತಾಯಂದಿರು ಬೆಲೆಬಾಳುವ ಗಾಜಿಗಿಂತ ಜೋಪಾನವಾಗಿ ಇಡುತ್ತಾರೆ. ನಾನು ಅಲ್ಲಿದ್ದ ವರ್ಷಗಳಲ್ಲಿ ನೆರೆಮನೆಯ ಹಿರಿಯರೊಬ್ಬರು, ಮೂವರು ಮಕ್ಕಳೂ ತಮ್ಮ ತಮ್ಮ ಪೆಟ್ಟಿಗೆಗಳನ್ನು ಒಯ್ದ ಮೇಲಿನ ಮೊದಲ ಡಿಸೆಂಬರಿನಲ್ಲಿ, ಬರೀ ದೀಪಗಳಷ್ಟೇ ಇದ್ದ ಮರದ ಮುಂದೆ ಬಹಳ ಹೊತ್ತು ಕುಳಿತಿದ್ದರು. ಬೇಸರವಾಯಿತೇ ಎಂದು ಕೇಳಿದ್ದಕ್ಕೆ, ಕೊಡುವುದಕ್ಕೆಂದೇ ಇಟ್ಟದ್ದಲ್ಲವೇ ಎಂದರು. ನಿಮ್ಮ ಬೀಗಿತ್ತಿಯವರು 27 ವರ್ಷ ಮಾಡಿದ್ದೂ ಇದನ್ನೇ. ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆ ಕೊಟ್ಟು ಕಳುಹಿಸುವ ಊರಿನವರಾದ ನಿಮಗೆ ಇದು ಅಪರಿಚಿತ ಭಾವವೇನಲ್ಲ. ಆದರೆ ನಮ್ಮ ಗೊಂಬೆಗಳು ಮನೆಯವರೆಲ್ಲರ ಸಾಲಿಗೆ ಸೇರುತ್ತವೆ, ಅಲ್ಲಿಯ ಆರ್ನಮೆಂಟ್ ಮೊದಲ ದಿನದಿಂದಲೇ ಆ ಒಂದು ಮಗುವಿನ ಸ್ವಂತದ್ದಾಗಿರುತ್ತದೆ.

ಗಾಜಿನದೇ ಆಗಬೇಕೆಂಬ ನಿಯಮವಿಲ್ಲ, ದೂರದ ಪ್ರಯಾಣಕ್ಕೂ ಎಳೆಮಗುವಿರುವ ಮನೆಗೂ ಗಾಜು ತಕ್ಕುದಲ್ಲ. ನನ್ನ ಸಲಹೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆ. ಆಲೆ ಮರ ಹಗುರವಾದುದರಿಂದ ಕೊಂಬೆ ಬಾಗುವುದಿಲ್ಲ. ಬೆರಳುದ್ದದ ಒಂದು ದಸರಾ ಆನೆಯನ್ನು ಆರಿಸಿ, ತೂಗುಹಾಕಲು ಬೆನ್ನಿನ ಮೇಲೆ ಒಂದು ರಂಧ್ರ ಕೊರೆದು ದಾರ ಪೋಣಿಸಿಕೊಡಲು ಕುಶಲಕರ್ಮಿಗಳನ್ನೇ ಕೇಳಿ. ತಂತಿಯ ಕೊಕ್ಕೆ ಬೇಡ, ಕಿತ್ತು ಬರುವ ಮಣಿಗಳೂ ಬೇಡ. ದೇವರ ಮೂರ್ತಿಯನ್ನು ಕಳುಹಿಸುವ ಮನಸ್ಸಾದರೆ ದೇವರ ಮನೆಗೆಂದು ಬೇರೆಯಾಗಿ ಕಳುಹಿಸಿ. ಅದನ್ನು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವುದು ಎರಡೂ ಮನೆಯವರಿಗೆ ಮುಜುಗರ ತರಬಹುದು. ಬೀಟೆ ಮತ್ತು ಶ್ರೀಗಂಧದ ವಸ್ತುಗಳನ್ನು ಹೊರದೇಶಕ್ಕೆ ಕಳುಹಿಸಲು ನಿರ್ಬಂಧಗಳಿರುವುದರಿಂದ ಅವುಗಳನ್ನು ಬಿಡುವುದು ಒಳ್ಳೆಯದು.

ಆನೆಯ ಹೊಟ್ಟೆಯ ಕೆಳಗೆ ಮಗುವಿನ ಹೆಸರನ್ನೂ ಇಸವಿಯನ್ನೂ ಕನ್ನಡದಲ್ಲೇ ಬರೆಸಿ. ಜೊತೆಗೆ ನಿಮ್ಮ ಕೈಬರಹದ ನಾಲ್ಕು ಸಾಲಿನ ಚೀಟಿ ಇರಲಿ: ಯಾರು ಕಳುಹಿಸಿದರು, ಎಲ್ಲಿ ಕೊಂಡದ್ದು, ಆನೆಯನ್ನೇ ಏಕೆ ಆರಿಸಿದಿರಿ. ಇದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. ಇಪ್ಪತ್ತೈದು ವರ್ಷಗಳ ನಂತರ ಪೆಟ್ಟಿಗೆ ತೆರೆಯುವವಳಿಗೆ ಆನೆ ಕಾಣಿಸುತ್ತದೆಯೇ ಹೊರತು ಕಾರಣ ಕಾಣಿಸುವುದಿಲ್ಲ. ಅವಳಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ, ಚೀಟಿಯ ಕೆಳಗೆ ನಿಮ್ಮ ಮಗ ಇಂಗ್ಲಿಷಿನಲ್ಲಿ ಅರ್ಥ ಬರೆದಿಡಲಿ. ನವೆಂಬರ್ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ ಹಲವು ಮನೆಗಳಲ್ಲಿ ಮರ ಏಳುವುದರಿಂದ ಪಾರ್ಸೆಲ್ ಅದಕ್ಕೆ ಮೊದಲೇ ತಲುಪುವಂತೆ ನೋಡಿಕೊಳ್ಳಿ. ಬಿಸಿಲ ಝಳಕ್ಕೆ ಅರಗು ಮೆತ್ತಗಾಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಕಾಯುವ ಅಟ್ಟದಲ್ಲಿ ಪೆಟ್ಟಿಗೆ ಇಡದಂತೆ ಸೊಸೆಗೆ ತಿಳಿಸಿ.

ಪ್ರಶ್ನೆ: ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಅಜ್ಜಿಯ ಕಾಲದ ಗಾಜಿನ ಗುಂಡುಗಳೂ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ) ಮಣ್ಣಿನ ಬೊಂಬೆಗಳೂ ನಮ್ಮಲ್ಲಿವೆ. ಮಳೆಗಾಲದ ತೇವಕ್ಕೆ ಮಂಕಾಗುತ್ತಿವೆ. ಇವುಗಳನ್ನು ಉಳಿಸಿ, ಮೂವರು ಮಕ್ಕಳಿಗೆ ಹಂಚುವುದು ಹೇಗೆ?
– ಒಬ್ಬ ಓದುಗರು, ಮಂಗಳೂರು

ಉತ್ತರ: ಒದ್ದೆ ಬಟ್ಟೆಯನ್ನು ಮುಟ್ಟಿಸಲೇಬೇಡಿ, ಹಳೆಯ ಗುಂಡುಗಳ ಬಣ್ಣ ನೀರಿಗೆ ಬಿಟ್ಟುಕೊಳ್ಳುತ್ತದೆ, ಒಳಗಿನ ಬೆಳ್ಳಿಲೇಪವೂ ತೇವಕ್ಕೆ ಕಪ್ಪಾಗುತ್ತದೆ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದು, ಒಗೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿಡಿ. ಪತ್ರಿಕೆಯ ಕಾಗದ ಬೇಡ, ಅದರ ಶಾಯಿ ಅಂಟುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಮಳೆ ಮುಗಿದ ಮೇಲೆ ಒಂದು ದಿನ ನೆರಳಿನಲ್ಲಿ ತೆರೆದಿಡಿ.

ಗುಂಡುಗಳನ್ನು ಹಂಚಬಹುದು. ಗೋದಲಿಯ ಬೊಂಬೆಗಳನ್ನು ಮಾತ್ರ ಬಿಡಿಸಬೇಡಿ. ಬಾಲಯೇಸು ಒಂದು ಮನೆಯಲ್ಲಿ, ಕುರುಬರು ಇನ್ನೊಂದು ಮನೆಯಲ್ಲಿ ಇದ್ದರೆ ಅದು ಗೋದಲಿಯಾಗಿ ಉಳಿಯುವುದಿಲ್ಲ. ಇಡೀ ಗೋದಲಿ ಒಬ್ಬರ ಮನೆಯಲ್ಲಿರಲಿ, ಉಳಿದಿಬ್ಬರಿಗೆ ಗುಂಡುಗಳಲ್ಲಿ ಹೆಚ್ಚಿನ ಪಾಲು ಸಿಗಲಿ. ಯಾವುದು ಯಾರಿಂದ ಬಂತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಈ ಕ್ರಿಸ್‌ಮಸ್ಸಿನಲ್ಲೇ ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದರ ಮೂರು ಪ್ರತಿಗಳನ್ನು ಮಾಡಿಸಿ ಮೂವರಿಗೂ ಕೊಡಿ.