ಪ್ರತಿಕ್ರಿಯೆ: ಫೆಲಿಸಿಟಿ ಆಸ್ಟನ್ ಹಾಗಾಗಲು ಏನು ಓದಬೇಕು?

ನಮಸ್ಕಾರ ಅಕ್ಕ. ಬದಿಯಡ್ಕದಲ್ಲಿ ಪ್ಲಸ್ ಟು ಓದುವ ಮಗಳು ಫೆಲಿಸಿಟಿ ಆಸ್ಟನ್ ಹಾಗೆ ಧ್ರುವಕ್ಕೆ ಹೋಗ್ತೇನೆ ಅಂತ ಹಟ ಹಿಡಿದಿದ್ದಾಳೆ, ಅದು ಸುಮ್ನೆ ಸಾಹಸವಾ, ಏನು ಓದಿಸಬೇಕು ಅಂತ ಕೇಳಿದ್ದೀರಿ.

ಸುಮ್ನೆ ಸಾಹಸ ಅಲ್ಲ. ಬ್ರಿಟನ್ನಿನ ಈ ಆಸ್ಟನ್ ಮೊದಲು ವಿಜ್ಞಾನಿ. ಭೌತಶಾಸ್ತ್ರ, ಆಮೇಲೆ ಹವಾಮಾನಶಾಸ್ತ್ರ ಓದಿ, ಅಂಟಾರ್ಕ್ಟಿಕಾದ ಬ್ರಿಟಿಷ್ ನೆಲೆ ರೊಥೆರಾದಲ್ಲಿ ಹವಾಮಾನ, ಓಝೋನ್ ಅಳೆಯುವ ಕೆಲಸ ಮಾಡಿದವರು. 2012ರ ಜನವರಿಯಲ್ಲಿ ಒಬ್ಬರೇ ಸ್ಕೀ ಮೇಲೆ ಅಂಟಾರ್ಕ್ಟಿಕಾ ದಾಟಿದರು. 59 ದಿನ, 1744 ಕಿ.ಮೀ., ಸಾಮಾನಿನ ಜಾರುಬಂಡಿ ಎಳೆದುಕೊಂಡು. ದಾರಿಯಲ್ಲಿ ಚಳಿಗೆ ಲೈಟರ್ ಕೈಕೊಟ್ಟಿತು. ಉಳಿದದ್ದು ಬೆಂಕಿಕಡ್ಡಿ ಮಾತ್ರ. ಸ್ಟವ್ ಹೊತ್ತದಿದ್ದರೆ ಹಿಮ ಕರಗುವುದಿಲ್ಲ, ಕುಡಿಯಲು ನೀರೇ ಇಲ್ಲ ಅಲ್ವಾ? ಕಡ್ಡಿ ಎಣಿಸಿ ಎಣಿಸಿ ಗೀರಿದರು. ಮಗಳಿಗೆ ಇದನ್ನು ಹೇಳಿ. ಮಕ್ಕಳಿಗೆ ದಾಖಲೆಗಿಂತ ಇಂಥದ್ದೇ ಜಾಸ್ತಿ ತಲೆಗೆ ಹತ್ತುವುದು.

2009ರಲ್ಲಿ ಆಕೆಯೇ ಮುನ್ನಡೆಸಿದ ಮಹಿಳಾ ತಂಡದಲ್ಲಿ ನಮ್ಮ ರೀನಾ ಕೌಶಲ್ ಧರ್ಮಶಕ್ತು ದಕ್ಷಿಣ ಧ್ರುವ ಮುಟ್ಟಿದರು. ಅದಕ್ಕೂ ಎಷ್ಟೋ ಮೊದಲು, 1983ರಲ್ಲಿ ಹೊರಟ ಭಾರತದ ತಂಡದಲ್ಲೇ ವಿಜ್ಞಾನಿಗಳಾದ ಅದಿತಿ ಪಂತ್, ಸುದೀಪ್ತಾ ಸೇನ್‌ಗುಪ್ತ ಅಂಟಾರ್ಕ್ಟಿಕಾಕ್ಕೆ ಹೋಗಿದ್ದರು.

ಓದಿನ ವಿಷಯ: ಫಿಸಿಕ್ಸ್, ಗಣಿತ ಬಿಡಿಸಬೇಡಿ. ಫಿಸಿಕ್ಸ್ ಡಿಗ್ರಿ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲೇ ಆಗುತ್ತದೆ. ಹವಾಮಾನಶಾಸ್ತ್ರದ ಎಂ.ಎಸ್ಸಿ.ಗೆ ಕೊಚ್ಚಿಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಕುಸಾಟ್ ಇದೆ. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಗೋವಾದ ವಾಸ್ಕೋದಲ್ಲಿ. ಭಾರತದ ತಂಡಗಳನ್ನು ಕಳಿಸುವುದು ಅವರೇ. ವಿಜ್ಞಾನಿಗಳಷ್ಟೇ ಅಲ್ಲ, ಡಾಕ್ಟರು, ಇಂಜಿನಿಯರು, ಅಡುಗೆಯವರೂ ಹೋಗುತ್ತಾರೆ. ಕನ್ನಡ ಮೀಡಿಯಂ, ಮಲಯಾಳ ಬರೆಯಲು ಬರದು ಅಂತ ಹೆದರಬೇಡಿ. ಕುಸಾಟಿನಲ್ಲಿ ಪಾಠ ಇಂಗ್ಲಿಷಿನಲ್ಲೇ.