ಗಾಜು ಉಜ್ಜುವವರನ್ನು ಲೆಕ್ಕ ಕೇಳಬೇಡಿ

ಬನಶಂಕರಿ ಮೂರನೇ ಹಂತದಿಂದ ಓದುಗರೊಬ್ಬರು ಬರೆದಿದ್ದಾರೆ. ಸಾಫ್ಟ್‌ವೇರ್ ಕೆಲಸ, ಇಬ್ಬರು ಮಕ್ಕಳು, ಫ್ಲ್ಯಾಟಿನ ಸಾಲ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ನಿಂತು, ದೂರದರ್ಶಕದ ಕನ್ನಡಿ ಮಾಡಲೆಂದು 6 ಇಂಚಿನ ಗಾಜಿನ ಬಿಲ್ಲೆ ಉಜ್ಜುತ್ತಾರೆ. ‘ಯೂಟ್ಯೂಬಿಗಾದರೂ ಹಾಕಿ, ನಾಲ್ಕು ಕಾಸು ಬರಲಿ’ ಎಂದು ಮನೆಯವರ ಒತ್ತಾಯ. ವಾರಾಂತ್ಯಕ್ಕೊಂದು ಶಿಬಿರ ಮಾಡಿ ಫೀಸು ವಸೂಲಿ ಮಾಡು ಎಂದು ಆಫೀಸಿನವರ ಸಲಹೆ. ‘ದುಡ್ಡು ಹುಟ್ಟದ ಕೆಲಸಕ್ಕೆ ಇಷ್ಟು ಹೊತ್ತು ಸುರಿಯುವುದು ಸ್ವಾರ್ಥವಲ್ಲವೇ ಸಾರ್?’ ಎಂದು ಕೇಳಿದ್ದಾರೆ.

ಅಲ್ಲ ಸ್ವಾಮಿ. ಮನೆಯವರ ಮಾತಿನಲ್ಲಿ ತಪ್ಪಿದೆ ಎನ್ನುತ್ತಿಲ್ಲ. ಈ ಊರಿನ ಬಾಡಿಗೆ, ಸ್ಕೂಲ್ ಫೀಸು ನೋಡಿದ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಕೈಕೆಲಸ ಮಾರಿ ಸಂಸಾರ ತೂಗಿಸುವವರ ಮೇಲೆ ನನಗೆ ಗೌರವವೂ ಇದೆ. ಆದರೆ ನಿಮಗೆ ಸಂಬಳ ಬರುತ್ತಿದೆಯಲ್ಲ? ಆ ಗಾಜನ್ನೂ ದುಡಿಮೆಗೆ ಯಾಕೆ ಹಚ್ಚುತ್ತೀರಿ?

ನೀವು ಮಾಡುತ್ತಿರುವುದು ಎಂಥ ಕೆಲಸ ಎಂಬುದನ್ನು ಉಳಿದ ಓದುಗರಿಗೂ ಹೇಳಿಬಿಡುತ್ತೇನೆ. ಒಂದೇ ಅಳತೆಯ ಎರಡು ಬಿಲ್ಲೆ. ಒಂದು ಕೆಳಗೆ, ಅಲುಗಾಡದಂತೆ. ಅದರ ಮೇಲೆ ಗಾಜನ್ನು ಸವೆಸುವ ಕಾರ್ಬೊರಂಡಮ್ ಪುಡಿ, ಒಂದಿಷ್ಟು ನೀರು. ಇನ್ನೊಂದನ್ನು ಮೇಲಿಟ್ಟು ಹಿಂದೆ ಮುಂದೆ ತಳ್ಳುತ್ತಾ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ತಾನೂ ಸುತ್ತುತ್ತಾ ಹೋಗಬೇಕು. ಯಾವ ಅಚ್ಚೂ ಇಲ್ಲದೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿ ದಪ್ಪದಿಂದ ನುಣುಪಿಗೆ ಇಳಿಯುತ್ತಾ ಹೋಗುತ್ತದೆ. ಪ್ರತಿ ಸಲ ಬದಲಾಯಿಸುವಾಗಲೂ ಬಕೆಟ್ಟು, ಬಟ್ಟೆ, ಉಗುರಿನ ಸಂದು, ಎಲ್ಲ ತೊಳೆಯಬೇಕು. ಹಳೆಯ ಪುಡಿಯ ಒಂದು ಕಣ ಉಳಿದರೂ ಗೀರು ಬಿತ್ತು, ವಾರದ ಕೆಲಸ ನೀರುಪಾಲು. ಕೊನೆಗೆ ರಾಳದ ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ಎಂಬ ನುಣುಪು ಪುಡಿ ಹಚ್ಚಿ ಪಾಲಿಶ್. ಮೇಲ್ಮೈಯ ಏರುಪೇರು ಮಿಲಿಮೀಟರಿನ 10,000ದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಅದನ್ನು ಪರೀಕ್ಷಿಸಲು ಒಂದು ಸಣ್ಣ ದೀಪ, ಒಂದು ಶೇವಿಂಗ್ ಬ್ಲೇಡು ಸಾಕು. 1858ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ಫೂಕೊ ತೋರಿಸಿಕೊಟ್ಟ ಉಪಾಯ. ಇಷ್ಟನ್ನು ಬರಿಗೈಯಲ್ಲಿ ಮಾಡುವವನಿಗೆ ‘ಎಷ್ಟು ವ್ಯೂಸ್ ಬಂತು?’ ಎಂದು ಕೇಳುವುದೇ?

ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಊರಿನಲ್ಲಿ ಆರ್ಗನ್ ನುಡಿಸಿ, ಸಂಗೀತ ಪಾಠ ಹೇಳಿ ಬದುಕುತ್ತಿದ್ದವನು. ಉಳಿದ ಹೊತ್ತು ಕನ್ನಡಿ ಉಜ್ಜುತ್ತಿದ್ದ. ಒಮ್ಮೆ 16 ಗಂಟೆ ಕೈ ತೆಗೆಯದೆ ಉಜ್ಜಿದನಂತೆ; ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ನಿಂತು ತುತ್ತು ಬಾಯಿಗಿಟ್ಟಳು. (ಇದನ್ನು ಮನೆಯವರಿಗೆ ಓದಿ ಹೇಳಬೇಡಿ. ಆ ತಂಗಿಯೇ ಮುಂದೆ ಧೂಮಕೇತುಗಳನ್ನು ಪತ್ತೆ ಹಚ್ಚಿದಳು ಎಂಬುದನ್ನು ಮಾತ್ರ ಹೇಳಿ.) 1781ರ ಮಾರ್ಚ್ 13ರಂದು ತನ್ನ ಕೈಯಾರೆ ಮಾಡಿದ ದೂರದರ್ಶಕದಲ್ಲಿ ಅವನಿಗೆ ಯುರೇನಸ್ ಸಿಕ್ಕಿತು. ಆಮೇಲೆ ಅವನು ದೂರದರ್ಶಕ ಮಾಡಿ ಮಾರಿದನಲ್ಲ ಎಂದು ನಿಮ್ಮ ಆಫೀಸಿನವರು ವಾದಿಸಬಹುದು. ಮಾರಿದ, ನಿಜ. ಗ್ರಹ ಸಿಕ್ಕ ಮೇಲೆ ಮಾರಿದ.

ಅಷ್ಟು ದೂರ ಯಾಕೆ? ಮಾಸ್ತಿಯವರು 1943ರಲ್ಲಿ ರಾಜೀನಾಮೆ ಕೊಡುವವರೆಗೂ ಮೈಸೂರು ಸರ್ಕಾರದ ಅಧಿಕಾರಿ. ಕೆ.ಎಸ್. ನರಸಿಂಹಸ್ವಾಮಿಯವರು ಗುಮಾಸ್ತರು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರೊಫೆಸರು. ಗಿಡಮರಗಳ ಬಗ್ಗೆ ಕನ್ನಡದಲ್ಲಿ ಬರೆದು, ಚಿತ್ರವನ್ನೂ ತಾವೇ ಬಿಡಿಸಿದರು. ಕನ್ನಡ ಸಾಹಿತ್ಯದ ಅರ್ಧ ಪಾಲು ಆಫೀಸು ಮುಗಿದ ಮೇಲೆ ಬರೆದದ್ದು ಎಂದರೆ ಉತ್ಪ್ರೇಕ್ಷೆಯಾಗಬಹುದು, ಆಗಲಿ. ನಮ್ಮ ಹವ್ಯಾಸಿ ರಂಗಭೂಮಿಯಂತೂ ಪೂರ್ತಿ ಸಂಜೆಯ ಕೂಸು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ನೌಕರರು ಫಸ್ಟ್ ಶಿಫ್ಟ್ ಮುಗಿಸಿ ಬಸ್ಸು ಹಿಡಿದು ತಾಲೀಮಿಗೆ ಬರುತ್ತಿದ್ದರು. ಕಲಾಕ್ಷೇತ್ರದ ಹಿಂದೆ ಅಂಥ ಒಬ್ಬರನ್ನು ನೋಡಿದ ನೆನಪಿದೆ. ಅಂಗೈಯಲ್ಲಿ ಲೇತಿನ ಎಣ್ಣೆಯ ಕಪ್ಪು ಇನ್ನೂ ಹೋಗಿರಲಿಲ್ಲ, ಅದೇ ಕೈಯಲ್ಲಿ ರಾಜನ ಕತ್ತಿ. ನಾಟಕದಿಂದ ಅವರಿಗೆ ದಕ್ಕಿದ್ದು ಕಾಫಿ, ಉಪ್ಪಿಟ್ಟು. ಖರ್ಚಾದದ್ದು ಕೈಯಿಂದಲೇ.

ಅವರಿಗಿದ್ದದ್ದು ನಿಮಗೆ ಇಲ್ಲದಿರುವುದು ಒಂದೇ, ಸೈರನ್. ಅದು ಕೂಗಿತೆಂದರೆ ಕಾರ್ಖಾನೆ ಆ ದಿನಕ್ಕೆ ಅವರನ್ನು ಬಿಟ್ಟುಬಿಡುತ್ತಿತ್ತು. ಈಗಿನ ಮೊಬೈಲಿಗೆ ಬಿಡುವುದೇ ಗೊತ್ತಿಲ್ಲ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ನಿಂತವನಿಗೂ ‘ಒಂದು ಕ್ವಿಕ್ ಕಾಲ್’. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರಲ್ಲಿ ನಾರಾಯಣಮೂರ್ತಿಯವರು ಹೇಳಿದರು. ಮರುವರ್ಷ ಐಟಿಯವರ ಕೆಲಸವನ್ನು ಓವರ್‌ಟೈಮ್ ಸೇರಿಸಿ ದಿನಕ್ಕೆ 14 ಗಂಟೆಯವರೆಗೆ ಎಳೆಯುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು. ನೌಕರರ ಸಂಘ ಬೀದಿಗಿಳಿದು ಗಲಾಟೆ ಮಾಡಿತು, ಪುಣ್ಯ. 14 ಗಂಟೆ ದುಡಿದು, ಎರಡು ಗಂಟೆ ಔಟರ್ ರಿಂಗ್ ರೋಡಿಗೆ ಕೊಟ್ಟವನು ಇನ್ನು ವೀಣೆ ಹಿಡಿಯುವುದು ಯಾವಾಗ? ಎರಡನೇ ಕೆಲಸ ಮಾಡಿದರೆ ಮನೆಗೆ ಕಳಿಸುತ್ತೇವೆ ಎಂದು ಗುಡುಗುವ ಕಂಪನಿಗಳೇ, ಇಂಟರ್‌ವ್ಯೂನಲ್ಲಿ ಮಾತ್ರ ‘ನಿಮ್ಮ ಹಾಬಿ ಏನು?’ ಎಂದು ನಗುತ್ತಾ ಕೇಳುತ್ತವೆ!

ನಿಮ್ಮ ಮೇಲೂ ಒಂದು ಆಕ್ಷೇಪವಿದೆ. ಮೂರು ಪುಟದ ಪತ್ರದಲ್ಲಿ ಒಂದೂವರೆ ಪುಟ ಕ್ಷಮೆ ಕೇಳಿದ್ದೀರಿ. ಟಿವಿ ಮುಂದೆ ಕ್ರಿಕೆಟ್ ನೋಡುವವರು ಯಾರಲ್ಲೂ ಕ್ಷಮೆ ಕೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳ ಕೈಗೂ ಬಿಲ್ಲೆ ಕೊಡಿ. ಮನೆಯವರ ಪಾಲಿನ ಹೊತ್ತು ಮನೆಯವರಿಗೆ ಕೊಡಿ. ಮಿಕ್ಕಿದ್ದು ನಿಮ್ಮದು.

ಇನ್ನೊಂದು ವಿಷಯ. ಅಲ್ಯೂಮಿನಿಯಂ ಲೇಪ ಹಾಕಿಸುವ ಅವಸರ ಬೇಡ. ಬರಿಗಾಜು ಹಿಂದಿರುಗಿಸುವುದು ನೂರಕ್ಕೆ ಸುಮಾರು 4 ಪಾಲು ಬೆಳಕನ್ನಷ್ಟೇ, ಆದರೂ ಚಂದ್ರನನ್ನು ನೋಡಿ ಕನ್ನಡಿಯ ಗುಣ ತಿಳಿಯಲು ಅದು ಸಾಕು. ಟೆರೇಸಿನ ಬಾಗಿಲಿಗೆ ಅಸೋಸಿಯೇಷನ್‌ನವರು ಬೀಗ ಹಾಕಿದ್ದಾರೆ ಎಂದು ಬರೆದಿದ್ದೀರಿ. ಅಧ್ಯಕ್ಷರ ಮೊಮ್ಮಕ್ಕಳನ್ನು ಮೊದಲು ಕರೆಯಿರಿ, ಬೀಗದಕೈ ತಾನಾಗಿ ಬರುತ್ತದೆ. ಫೀಸು ಮಾತ್ರ ತಗೊಳ್ಳಬೇಡಿ.

– ಸಂ.