ಪ್ರಶ್ನೋತ್ತರ: ಬುಟ್ಟಿ ಹಿಡಿದವಳ ವಯಸ್ಸು

ಪ್ರಶ್ನೆ: ನಾನು ಶಿವಮೊಗ್ಗದವಳು. ಎರಡು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಉದ್ಯೋಗದಲ್ಲಿದ್ದೇನೆ, ವಯಸ್ಸು 34. ಸಹೋದ್ಯೋಗಿಯೊಬ್ಬರು ಊಟಕ್ಕೆ ಕರೆದಿದ್ದರಿಂದ, ಇಲ್ಲಿನ ರೂಢಿಯಂತೆ ಒಂದು ಬಾಟಲಿ ವೈನ್ ಒಯ್ಯೋಣವೆಂದು ಸೂಪರ್‌ಮಾರ್ಕೆಟ್‌ಗೆ ಹೋಗಿದ್ದೆ. ಎಂ.ಎಸ್ಸಿ. ಓದಲು ಬಂದಿರುವ 22 ವರ್ಷದ ನಾದಿನಿ ಜೊತೆಗಿದ್ದಳು. ಕುಡಿಯುವ ಅಭ್ಯಾಸವೇ ಇಲ್ಲದ ಅವಳು ಬುಟ್ಟಿ ಹಿಡಿದಿದ್ದಳು, ಅಷ್ಟೆ. ಕೌಂಟರಿನಲ್ಲಿದ್ದ ಮಹಿಳೆ ನನ್ನ ಲೈಸೆನ್ಸ್ ನೋಡಿದ ಮೇಲೆ ಅವಳ ಗುರುತಿನ ಚೀಟಿಯನ್ನೂ ಕೇಳಿದರು. ಫೋನಿನಲ್ಲಿದ್ದ ಆಧಾರ್ ತೋರಿಸಿದರೆ ಒಪ್ಪಲಿಲ್ಲ. ಅವಳು ಹೊರಗೆ ಹೋಗಿ ನಿಂತರೂ ಬಾಟಲಿ ಕೊಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಇದು ಕಾನೂನೇ? ಅಥವಾ ನಮ್ಮ ಮೈಬಣ್ಣ ನೋಡಿ ಹೀಗೆ ಮಾಡಿದರೇ?
— ಓದುಗರೊಬ್ಬರು, ಲೆಸ್ಟರ್

ಉತ್ತರ: ನಿಮ್ಮ ಗುರುತಿನ ಚೀಟಿ ಕೇಳಿದ್ದಕ್ಕೆ ಕಾನೂನಿನ ಆಧಾರವಿದೆ, ನಾದಿನಿಯದನ್ನು ಕೇಳಿದ್ದು ಕಾನೂನಿಗಿಂತ ಹೆಚ್ಚಾಗಿ ಅಂಗಡಿಯವರ ಭಯದಿಂದ ಹುಟ್ಟಿದ್ದು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆಯಂತೆ 18 ತುಂಬದವರಿಗೆ ಮದ್ಯ ಮಾರುವುದು ಅಪರಾಧ. ವಯಸ್ಸು ಪರಿಶೀಲಿಸುವ ನೀತಿಯೊಂದು ಪ್ರತಿ ಅಂಗಡಿಯಲ್ಲೂ ಇರಲೇಬೇಕೆಂಬ ಷರತ್ತು 2010ರಲ್ಲಿ ಸೇರಿತು. ಆ ನೀತಿಯಲ್ಲಿ 18ರ ಬದಲು ಇನ್ನೂ ಹೆಚ್ಚಿನ ವಯಸ್ಸನ್ನು ಇಟ್ಟುಕೊಳ್ಳಲು ಅಂಗಡಿಗೆ ಅವಕಾಶವಿರುವುದರಿಂದ, 25ಕ್ಕಿಂತ ಚಿಕ್ಕವರಂತೆ ಕಾಣುವ ಎಲ್ಲರನ್ನೂ ಕೇಳುವ ‘ಚಾಲೆಂಜ್ 25’ ಪದ್ಧತಿಯನ್ನು ದೊಡ್ಡ ಅಂಗಡಿಗಳು ಹಿಡಿದಿವೆ. ಸ್ಕಾಟ್ಲೆಂಡಿನಲ್ಲಿ 2011ರಿಂದ ಅದೇ ಕಡ್ಡಾಯ. 18ಕ್ಕೂ 25ಕ್ಕೂ ನಡುವಿನ ಈ ಅಂತರ ಕಣ್ಣಂದಾಜು ತಪ್ಪಿದರೂ ಅನಾಹುತವಾಗದಿರಲೆಂದು ಇಟ್ಟ ಅಂತರವೇ ಹೊರತು, 25 ತುಂಬದವರಿಗೆ ಮಾರಬಾರದೆಂದಲ್ಲ.

ಜೊತೆಗಿರುವವರ ವಿಷಯ ಬೇರೆ. 18 ತುಂಬದವರಿಗಾಗಿ ದೊಡ್ಡವರು ಮದ್ಯ ಕೊಂಡುಕೊಡುವುದೂ ಅಪರಾಧವೇ, ಆದರೆ ಅದು ಕೊಂಡವರ ತಲೆಯ ಮೇಲೆ ಬರುವ ಅಪರಾಧ. ಪಕ್ಕದಲ್ಲಿ ನಿಂತವರೆಲ್ಲರ ವಯಸ್ಸು ನೋಡಬೇಕೆಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಹಾಗೆ ಹೇಳಿದ್ದರೆ ಮಕ್ಕಳನ್ನು ಕರೆದುಕೊಂಡು ವಾರದ ಸಾಮಾನಿಗೆ ಬರುವ ತಾಯಂದಿರು ವೈನ್ ಕೊಳ್ಳುವಂತೆಯೇ ಇರಲಿಲ್ಲ. ಆದರೂ ಕೌಂಟರಿನವರು ಕೇಳುವುದೇಕೆಂದರೆ, ಮಾರಾಟ ತಪ್ಪಾದರೆ ದಂಡ ಮಾಲೀಕರಿಗಷ್ಟೇ ಅಲ್ಲ, ಬಾಟಲಿ ಕೈಗಿತ್ತ ನೌಕರರಿಗೂ ಬೀಳಬಹುದು. ಅಧಿಕಾರಿಗಳು ಹದಿಹರೆಯದವರನ್ನೇ ಗಿರಾಕಿಗಳಾಗಿ ಕಳುಹಿಸಿ ಪರೀಕ್ಷಿಸುವುದೂ ಉಂಟು. ಅಂಥ ಪರೀಕ್ಷೆಯ ನಡುವೆ, ಕನಿಷ್ಠ ಸಂಬಳಕ್ಕೆ ದುಡಿಯುವವರು ಬೇಡವೆಂದು ತಪ್ಪಿಸಿಕೊಂಡರೆ ಅವರನ್ನು ದೂರುವುದು ನನಗೆ ಕಷ್ಟ; ವಿವೇಚನೆಗೆ ಜಾಗವಿಲ್ಲದ ನಿಯಮ ಬರೆದು ಅವರ ಕೈಗಿಟ್ಟ ಆಡಳಿತವನ್ನು ದೂರಬಹುದು. ಒಮ್ಮೆ ನಿರಾಕರಿಸಿದ ಮೇಲೆ ನಾದಿನಿ ಹೊರಗೆ ಹೋದರೂ ಮನಸ್ಸು ಬದಲಿಸದಿದ್ದುದು ಇದೇ ಕಾರಣಕ್ಕಿರಬೇಕು. ಚಿಕ್ಕವರಂತೆ ಕಾಣುತ್ತೀರೆಂದು ಹೊಗಳಿದರೆಂದುಕೊಂಡು ನಕ್ಕುಬಿಡಿ ಎನ್ನುವವರೂ ಇರುತ್ತಾರೆ. ಸಾಲಿನ ಮುಂದೆ ಕಳ್ಳರಂತೆ ನಿಂತವರಿಗೆ ಆ ಸಮಾಧಾನ ಸಾಲದು.

ಮೈಬಣ್ಣದ ಶಂಕೆಯನ್ನು ತಳ್ಳಿಹಾಕಲಾರೆ, ಆದರೆ ಒಂದೇ ಘಟನೆಯಿಂದ ಅದು ಸಾಬೀತಾಗದು. ಅಂಗಡಿ ಯಾರಿಗೆ ಬೇಕಾದರೂ ಮಾರಾಟ ನಿರಾಕರಿಸಬಹುದು; ಆದರೆ ಜನಾಂಗದಂಥ ಕಾರಣಗಳಿಗೆ ನಿರಾಕರಿಸುವುದನ್ನು 2010ರ ಸಮಾನತಾ ಕಾಯ್ದೆ ನಿಷೇಧಿಸುತ್ತದೆ. ಅದೇ ಕೌಂಟರಿನಲ್ಲಿ ಬಿಳಿಯರ ಜೊತೆ ಬಂದ ಎಳೆಯರನ್ನು ಕೇಳದೆ ಬಿಟ್ಟಿದ್ದನ್ನು ನೀವು ಕಂಡಿದ್ದರೆ, ದಿನಾಂಕ ಮತ್ತು ಸಮಯದೊಂದಿಗೆ ಅಂಗಡಿಯ ಕೇಂದ್ರ ಕಚೇರಿಗೆ ಬರೆಯಿರಿ. ಕಂಡಿಲ್ಲವಾದರೂ ‘ಜೊತೆಯವರನ್ನು ಕೇಳುವ ನಿಮ್ಮ ಲಿಖಿತ ನೀತಿ ಏನು?’ ಎಂದು ಕೇಳಿ ಪತ್ರ ಬರೆಯಬಹುದು.

ಆಧಾರ್ ವಿಷಯದಲ್ಲಿ ಅಂಗಡಿಯವರದು ತಪ್ಪಲ್ಲ. ಗುರುತಿನ ಚೀಟಿಯಲ್ಲಿ ಭಾವಚಿತ್ರ, ಹುಟ್ಟಿದ ದಿನಾಂಕ, ಹೊಲೊಗ್ರಾಮ್ ಅಥವಾ ನೇರಳಾತೀತ ಗುರುತು ಇರಬೇಕೆಂಬುದು ಷರತ್ತು. ಫೋನಿನ ಪರದೆಯ ಚಿತ್ರದಲ್ಲಿ ಕೊನೆಯದನ್ನು ನೋಡುವುದು ಹೇಗೆ? ಪಾಸ್‌ಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ಪೇಟೆ ಸುತ್ತುವುದೂ ಜಾಣತನವಲ್ಲ. ಆರು ತಿಂಗಳಿಗೆ ಮೀರಿದ ವೀಸಾ ಇರುವ ವಿದ್ಯಾರ್ಥಿಗಳು ನಮ್ಮ ಎಲ್‌ಎಲ್‌ಗೆ ಸಮಾನವಾದ ಪ್ರಾವಿಷನಲ್ ಲೈಸೆನ್ಸ್ ಪಡೆಯಬಹುದು. ಕಾರು ಕಲಿಯದಿದ್ದರೂ ನಾದಿನಿಗೆ ಅದು ಉಪಯೋಗಕ್ಕೆ ಬರುತ್ತದೆ. ‘ಪಾಸ್’ ಹೊಲೊಗ್ರಾಮ್ ಇರುವ ವಯಸ್ಸಿನ ಕಾರ್ಡುಗಳೂ ಸಿಗುತ್ತವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಓದುತ್ತಿರುವ 19 ವರ್ಷದ ಮಗ ರಜೆಗೆ ಬರುತ್ತಿದ್ದಾನೆ. ಅಲ್ಲಿ ಕಾನೂನುಬದ್ಧವಾಗಿ ಬಿಯರ್ ಕೊಳ್ಳುವವನು ಇಲ್ಲಿಯೂ ಕೊಳ್ಳಬಹುದಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ಕರ್ನಾಟಕದ ಅಬಕಾರಿ ಲೈಸೆನ್ಸುಗಳ 1967ರ ನಿಯಮಗಳಂತೆ 21 ತುಂಬದವರಿಗೆ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರ ಜನವರಿಯಲ್ಲಿ ಹೊರಡಿಸಿ, ವಿರೋಧ ಬಂದಾಗ ಕೈಬಿಟ್ಟಿತು. ನಮ್ಮ ವೈನ್ ಶಾಪಿನ ಕಿಟಕಿಯಲ್ಲಿ ವಯಸ್ಸು ಕೇಳುವವರು ಅಪರೂಪವೆಂಬುದು ನಿಜ. ಕೇಳದೆ ಕೊಟ್ಟರೆಂಬ ಮಾತ್ರಕ್ಕೆ ನಿಯಮ ಸಡಿಲವಾಗುವುದಿಲ್ಲವೆಂದು ಮಗನಿಗೆ ತಿಳಿಸಿ.